ಒಂದೇ ಅಂಚಿನ ಇಂಜೆಕ್ಟರ್ ರೇಜರ್: ಆರಿಸುವುದು, ಅಳೆಯುವುದು, ಹೋಲಿಸಿ ನೋಡುವುದು

ಇಂಜೆಕ್ಟರ್ ರೇಜರಿಗೆ ಬ್ಲೇಡು ಹಾಕುವಾಗ ಬ್ಲೇಡನ್ನು ಬೆರಳಿಂದ ಮುಟ್ಟುವ ಕೆಲಸವೇ ಇಲ್ಲ. ಬ್ಲೇಡುಗಳು ಒಂದು ಚಪ್ಪಟೆ ಡಬ್ಬಿಯಲ್ಲಿ ಬರುತ್ತವೆ. ಡಬ್ಬಿಯ ತುದಿಯಲ್ಲಿ ನಾಲಗೆಯ ಹಾಗೆ ಚಾಚಿದ ಲೋಹದ ಕೀ ಇರುತ್ತದೆ. ಅದನ್ನು ರೇಜರಿನ ತಲೆಯ ಪಕ್ಕದ ಕಂಡಿಗೆ ತೂರಿಸಿ, ಹೆಬ್ಬೆರಳಿಂದ ಜಾರುಪಟ್ಟಿಯನ್ನು ತಳ್ಳಿದರೆ ಹೊಸ ಬ್ಲೇಡು ಒಳಗೆ ಹೋಗುತ್ತದೆ, ಹಳೆಯದು ಆ ಕಡೆಯಿಂದ ಹೊರಗೆ ಬೀಳುತ್ತದೆ. ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಸಿಗುವ ಎರಡು ಅಂಚಿನ ಬ್ಲೇಡಿನ ದಪ್ಪ ಸುಮಾರು 0.1 ಮಿ.ಮೀ. ಇಂಜೆಕ್ಟರ್ ಬ್ಲೇಡು ಸುಮಾರು 0.25 ಮಿ.ಮೀ. ಎರಡೂವರೆ ಪಟ್ಟು ದಪ್ಪ ಇರುವುದರಿಂದ ಒರಟು ಗಡ್ಡಕ್ಕೆ ಸಿಕ್ಕಾಗ ಅದು ನಡುಗುವುದಿಲ್ಲ, ಬಾಗುವುದಿಲ್ಲ. ಗಲ್ಲದ ಕೆಳಗೆ ಗಡ್ಡ ಗಡುಸಾಗಿರುವವರಿಗೆ ಈ ವ್ಯತ್ಯಾಸ ಮೊದಲ ಎಳೆತದಲ್ಲೇ ತಿಳಿಯುತ್ತದೆ. ತಲೆ ಸಣ್ಣದಾದ್ದರಿಂದ ಮೂಗಿನ ಕೆಳಗೆ, ಮೀಸೆಯ ಅಂಚಿನಲ್ಲಿ ಸಲೀಸಾಗಿ ಆಡಿಸಬಹುದು. ಮೀಸೆ ಇಟ್ಟುಕೊಂಡವರಿಗೆ ಇದಕ್ಕಿಂತ ಅನುಕೂಲದ ರೇಜರ್ ಕಡಿಮೆ.

ಇದನ್ನು ತಂದವರು ಅಮೆರಿಕದ ಸೇನಾಧಿಕಾರಿ ಜೇಕಬ್ ಶಿಕ್. ಗುಂಡುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಒಂದಾದ ಮೇಲೊಂದು ಹಾರಿಸುವ ಬಂದೂಕಿನ ಏರ್ಪಾಟನ್ನೇ ಬ್ಲೇಡಿಗೆ ಅಳವಡಿಸಿ, 1920ರ ದಶಕದ ನಡುವೆ ಮ್ಯಾಗಜೀನ್ ರಿಪೀಟಿಂಗ್ ರೇಜರ್ ಕಂಪನಿ ಕಟ್ಟಿದರು. ಮೊದಲ ರೇಜರುಗಳಲ್ಲಿ ಬ್ಲೇಡುಗಳು ಹಿಡಿಯೊಳಗೇ ಇರುತ್ತಿದ್ದವು. ಬೇರೆ ಡಬ್ಬಿಯಿಂದ ತಳ್ಳುವ ಈಗಿನ ಕ್ರಮ ಬಂದದ್ದು 1930ರ ದಶಕದಲ್ಲಿ. ಅಷ್ಟರೊಳಗೆ ಶಿಕ್ ಅವರ ಗಮನ ವಿದ್ಯುತ್ ಶೇವರಿನ ಕಡೆ ಹೊರಳಿತ್ತು. 1946ರಲ್ಲಿ ಕಂಪನಿ ಪೆನ್ನು ತಯಾರಿಸುತ್ತಿದ್ದ ಎವರ್‌ಶಾರ್ಪ್ ಕೈಗೆ ಹೋಯಿತು. ಹಳೇ ರೇಜರ್ ಕೊಳ್ಳುವವರಿಗೆ ಈ ಇಸವಿ ಉಪಯೋಗಕ್ಕೆ ಬರುತ್ತದೆ: ರೇಜರಿನ ಮೇಲೆ ಎವರ್‌ಶಾರ್ಪ್ ಹೆಸರು ಅಚ್ಚಾಗಿದ್ದರೆ ಅದು 1946ಕ್ಕಿಂತ ಹಿಂದಿನದಲ್ಲ.

ಎರಡು ಇಂಜೆಕ್ಟರುಗಳನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ಹಿಡಿಯ ಅಂದ, ಚಿನ್ನದ ಲೇಪ, ಕಂಪನಿಯ ಹೆಸರು ನೋಡುತ್ತಾರೆ. ಮುಖಕ್ಕೆ ಗೊತ್ತಾಗುವುದು ಮೂರೇ ಸಂಗತಿ: ಬ್ಲೇಡಿನ ಅಂಚು ಎಷ್ಟು ಮುಂದೆ ಚಾಚಿದೆ, ಅಂಚಿಗೂ ಕೆಳಗಿನ ಗಾರ್ಡಿಗೂ (ಚರ್ಮವನ್ನು ತಡೆಯುವ ಪಟ್ಟಿ) ನಡುವೆ ಸಂದು ಎಷ್ಟಿದೆ, ಸ್ಪ್ರಿಂಗ್ ಬ್ಲೇಡನ್ನು ಎಷ್ಟು ಬಿಗಿಯಾಗಿ ಹಿಡಿದಿದೆ. ಮೊದಲೆರಡನ್ನು ಮನೆಯಲ್ಲೇ ಅಳೆಯಬಹುದು, ಮೂರನೆಯದನ್ನು ಬೆರಳಲ್ಲಿ ತಿಳಿಯಬಹುದು.

ಬ್ಲೇಡು ಮೊದಲು, ರೇಜರ್ ಆಮೇಲೆ

ರೇಜರ್ ಆರ್ಡರ್ ಮಾಡುವ ಮುನ್ನ ಬ್ಲೇಡು ಎಲ್ಲಿಂದ ಬರುತ್ತದೆ ಎಂದು ಗೊತ್ತು ಮಾಡಿಕೊಳ್ಳಿ. ಗಾಂಧಿಬಜಾರಿನ ಅಂಗಡಿಯಲ್ಲಿ ಕೇಳಿದರೂ ಹಳ್ಳಿಯ ಕಿರಾಣಿಯಲ್ಲಿ ಕೇಳಿದರೂ ಕೊಡುವುದು ಎರಡು ಅಂಚಿನ ಬ್ಲೇಡನ್ನೇ. ಇಂಜೆಕ್ಟರ್ ಬ್ಲೇಡನ್ನು ಆನ್‌ಲೈನಿನಲ್ಲಿ ತರಿಸಬೇಕು, ಇಲ್ಲವೇ ಅಮೆರಿಕದಿಂದ ಊರಿಗೆ ಬರುವ ನೆಂಟರ ಕೈಲಿ ತರಿಸಬೇಕು. ಅವರು ಅದನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದುಬಿಡುತ್ತಾರೆ. ರೇಜರಿನೊಳಗೇ ಒಂದು ಬ್ಲೇಡು ಉಳಿದಿರುತ್ತದೆ, ಅದನ್ನೂ ತೆಗೆಯಲು ಹೇಳಿ.

ಎಷ್ಟು ಬೇಕು ಎನ್ನುವ ಲೆಕ್ಕ ಸುಲಭ. ಒಂದು ಬ್ಲೇಡು ಸಾಧಾರಣ ಗಡ್ಡಕ್ಕೆ ಏಳರಿಂದ ಹತ್ತು ಸಲ ಬರುತ್ತದೆ. ಏಳು ಎಂದೇ ಹಿಡಿದರೆ ದಿನಾ ಗಡ್ಡ ತೆಗೆಯುವವರಿಗೆ ವರ್ಷಕ್ಕೆ 52. ಇಪ್ಪತ್ತರ ಡಬ್ಬಿ ಮೂರು ಇದ್ದರೆ ವರ್ಷ ಕಳೆಯಿತು. ದಿನ ಬಿಟ್ಟು ದಿನ ಮಾಡುವವರಿಗೆ ಇದರ ಅರ್ಧ ಸಾಕಾಗುತ್ತದೆ ಎಂದುಕೊಳ್ಳಬೇಡಿ. ಎರಡು ದಿನದ ಗಡ್ಡ ಬ್ಲೇಡನ್ನು ಇನ್ನಷ್ಟು ಸವೆಸುತ್ತದೆ, ಎರಡು ಡಬ್ಬಿ ಬೇಕು.

ಹಣ ಪೋಲಾಗುವುದು ಹೆಚ್ಚಾಗಿ ಬ್ಲೇಡಿನ ಜಾತಿ ತಪ್ಪಿದಾಗ. ಒಂದೇ ಅಂಚಿನದೆಲ್ಲ ಇಂಜೆಕ್ಟರ್ ಬ್ಲೇಡಲ್ಲ. ಇಂಜೆಕ್ಟರ್ ಬ್ಲೇಡು ಸುಮಾರು 38 ಮಿ.ಮೀ. ಉದ್ದದ ಬರೀ ಉಕ್ಕಿನ ಪಟ್ಟಿ, ಬೆನ್ನಿಗೆ ಏನೂ ಇರುವುದಿಲ್ಲ. ಜೆಮ್ ಎಂಬ ಇನ್ನೊಂದು ಜಾತಿಯ ಬ್ಲೇಡಿನ ಬೆನ್ನಿಗೆ ಮಡಚಿದ ಲೋಹದ ಪಟ್ಟಿ ಇರುತ್ತದೆ. ಗಾಜಿನ ಮೇಲಿನ ಪೇಂಟ್ ಕೆರೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ಲೇಡು ನೋಡಲು ಹೀಗೇ ಇರುತ್ತದೆ. ಆರ್ಟಿಸ್ಟ್ ಕ್ಲಬ್ ಎಂಬ ಮತ್ತೊಂದು ಜಾತಿಯ ಬ್ಲೇಡಿಗೂ ಬೆನ್ನುಪಟ್ಟಿ ಇಲ್ಲ, ದಪ್ಪವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಉದ್ದ ಜಾಸ್ತಿ. ಶಿಕ್ ಹೆಸರಿನ ಪ್ರೋಲೈನ್ ಬ್ಲೇಡು ಈ ಜಾತಿಯದು. ಶಿಕ್ ಎಂಬ ಹೆಸರು ನೋಡಿ ತರಿಸಿಕೊಂಡವರು ಬಹಳ ಮಂದಿ, ಅದು ಇಂಜೆಕ್ಟರಿನೊಳಗೆ ಹೋಗುವುದಿಲ್ಲ. ಸಲೂನಿನಲ್ಲಿ ಎರಡಂಚಿನ ಬ್ಲೇಡನ್ನು ಕಾಗದದೊಳಗೇ ಮುರಿದು ಕತ್ತಿಗೆ ಸಿಕ್ಕಿಸುತ್ತಾರಲ್ಲ, ಆ ಅರ್ಧ ಬ್ಲೇಡೂ ಇದಕ್ಕೆ ಆಗದು, ತೀರಾ ತೆಳು. ಆರ್ಡರಿನಲ್ಲಿ 'ಇಂಜೆಕ್ಟರ್' ಎಂಬ ಪದ ಸ್ಪಷ್ಟವಾಗಿರಲಿ, ಫೋಟೋದಲ್ಲಿ ಡಬ್ಬಿಯ ಕೀ ಕಾಣುತ್ತಿರಲಿ.

ಹಳೇ ಕಾಲದ, ಸೀಲು ಒಡೆಯದ ಡಬ್ಬಿಗಳೂ ಮಾರಾಟಕ್ಕೆ ಬರುತ್ತವೆ. ಸಂಗ್ರಹಕ್ಕಾದರೆ ಕೊಳ್ಳಿ, ಮುಖಕ್ಕೆ ಬೇಡ. ಐವತ್ತು ವರ್ಷ ಕೂತ ಬ್ಲೇಡಿನ ಅಂಚಿಗೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿದಿದ್ದರೂ ಅದು ಗಡ್ಡವನ್ನು ಕತ್ತರಿಸುವ ಬದಲು ಕೀಳುತ್ತದೆ. ರೇಜರ್ ಚೆನ್ನಾಗಿಲ್ಲ ಎಂದು ಮೂಲೆಗೆ ಎಸೆದ ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿ ಕೆಟ್ಟದ್ದು ಬ್ಲೇಡು.

ಸಂದು ಮತ್ತು ಚಾಚು

ತಲೆಯನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಮೇಲೆ ತಟ್ಟೆ, ನಡುವೆ ಬ್ಲೇಡು, ಕೆಳಗೆ ಗಾರ್ಡಿನ ಪಟ್ಟಿ. ಬ್ಲೇಡು ಮುಂದಕ್ಕೆ ಜಾರದಂತೆ ತಲೆಯ ಎರಡೂ ತುದಿಯಲ್ಲಿ ಚಿಕ್ಕ ತಡೆಗಳಿರುತ್ತವೆ. ಸ್ಪ್ರಿಂಗ್ ಬ್ಲೇಡನ್ನು ಅದರ ಆಸನಕ್ಕೆ ಒತ್ತಿ ಹಿಡಿದಿರುತ್ತದೆ. ಇಷ್ಟೇ ಯಂತ್ರ. ಬಿಚ್ಚುವ ಸ್ಕ್ರೂ ಇಲ್ಲ, ತಿರುವಿ ಬಿಗಿಮಾಡುವ ಹಿಡಿ ಇಲ್ಲ. ಎರಡಂಚಿನ ರೇಜರಿನಲ್ಲಿ ಬ್ಲೇಡು ಓರೆಯಾದರೆ ಹಿಡಿ ಸಡಿಲಿಸಿ ಸರಿಮಾಡಬಹುದು, ಇಲ್ಲಿ ಸ್ಪ್ರಿಂಗೇ ಎಲ್ಲ.

ಚಾಚು ಅಳೆಯಲು ಬೇಕಾದ್ದು ಒಂದು ಸ್ಟೀಲ್ ಸ್ಕೇಲು. ಬಳಸಿ ಬಿಸಾಡಲು ಇಟ್ಟ ಬ್ಲೇಡನ್ನು ರೇಜರಿನಲ್ಲೇ ಬಿಡಿ. ಸ್ಕೇಲಿನ ಅಂಚನ್ನು ಮೇಲಿನ ತಟ್ಟೆಯ ತುದಿಗೂ ಗಾರ್ಡಿಗೂ ತಾಗುವಂತೆ ಆನಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಸ್ಕೇಲು ಎರಡಕ್ಕೂ ತಾಗಿ, ಬ್ಲೇಡಿನ ಅಂಚಿನ ಮುಂದೆ ಬೆಳಕಿನ ಗೆರೆ ಕಂಡರೆ ಬ್ಲೇಡು ಒಳಸರಿದಿದೆ ಎಂದರ್ಥ. ಅದು ಮೃದು ರೇಜರ್. ಬ್ಲೇಡೇ ಸ್ಕೇಲನ್ನು ತಡೆದು, ಸ್ಕೇಲು ತಟ್ಟೆಗೋ ಗಾರ್ಡಿಗೋ ತಾಗದೆ ತೊನೆದಾಡಿದರೆ ಅಂಚು ಹೊರಚಾಚಿದೆ. ಅದು ಚುರುಕು ರೇಜರ್: ಕಡಿಮೆ ಎಳೆತದಲ್ಲಿ ನುಣುಪು ಬರುತ್ತದೆ, ಕೈ ಭಾರ ಬಿದ್ದರೆ ಚರ್ಮ ಕೆಂಪಾಗುತ್ತದೆ.

ಸಂದು ಅಳೆಯಲು ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು, ಸಾಕು. ಅದರ ಎಲೆಗಳನ್ನು ತೆಳುವಿನಿಂದ ದಪ್ಪದ ಕಡೆಗೆ ಒಂದೊಂದಾಗಿ ಬ್ಲೇಡಿಗೂ ಗಾರ್ಡಿಗೂ ನಡುವೆ ತೂರಿಸುತ್ತಾ ಹೋಗಿ. ಸ್ವಲ್ಪ ಹಿಡಿದಂತಾಗಿ ಜಾರುವ ಎಲೆಯ ಸಂಖ್ಯೆಯೇ ನಿಮ್ಮ ಸಂದು. ಬಲವಾಗಿ ತೂರಿಸಿದರೆ ಸ್ಪ್ರಿಂಗ್ ಹಿಂದೆ ಸರಿದು ಸುಳ್ಳು ಅಳತೆ ಬರುತ್ತದೆ. ಎಡ ತುದಿ, ನಡು, ಬಲ ತುದಿ ಮೂರೂ ಕಡೆ ಅಳೆಯಿರಿ. ಮೂರೂ ಒಂದೇ ಬಂದರೆ ತಲೆ ನೆಟ್ಟಗಿದೆ. ಒಂದು ತುದಿಯಲ್ಲಿ 0.1 ಮಿ.ಮೀ. ಹೆಚ್ಚು ಬಂದರೂ ಆ ಬದಿ ಕೆನ್ನೆಯನ್ನು ಗೀರುತ್ತದೆ. ಈ ಕೆಲಸಕ್ಕೆ ಯಾವಾಗಲೂ ಹಳೇ ಬ್ಲೇಡೇ ಇರಲಿ, ಎಲೆ ತಾಗಿದ ಅಂಚನ್ನು ಮತ್ತೆ ಮುಖಕ್ಕೆ ತರಬಾರದು. ಹೋಲಿಸುವ ರೇಜರುಗಳಿಗೆಲ್ಲ ಒಂದೇ ಪ್ಯಾಕಿನ ಬ್ಲೇಡು ಹಾಕಿ ಅಳೆದರೆ ಮಾತ್ರ ಆ ಅಂಕಿಗೆ ಬೆಲೆ.

ಸಂದು ದೊಡ್ಡದಿದ್ದರೆ ರೇಜರ್ ಕ್ರೂರ ಎಂದೇನಿಲ್ಲ. ಸಂದು ನೊರೆ ಮತ್ತು ಉದ್ದ ಕೂದಲು ಹಾದುಹೋಗಲು ಇರುವ ದಾರಿ. ಮೂರು ದಿನದ ಗಡ್ಡ ತೆಗೆಯುವವರಿಗೆ ಅದು ಅಗಲವಿದ್ದರೇ ಒಳ್ಳೆಯದು, ಚಿಕ್ಕದಿದ್ದರೆ ಎರಡು ಎಳೆತಕ್ಕೆ ಕಟ್ಟಿಕೊಳ್ಳುತ್ತದೆ. ಚರ್ಮಕ್ಕೆ ಉರಿ ತರುವುದು ಹೆಚ್ಚಾಗಿ ಚಾಚು. ಸೂಕ್ಷ್ಮ ಚರ್ಮದವರು ಚಾಚು ಕಡಿಮೆ ಇರುವುದನ್ನು ಹುಡುಕಲಿ, ಸಂದಿಗೆ ಅಷ್ಟು ಹೆದರಬೇಕಿಲ್ಲ.

ಯಾವ ಮಾದರಿ ಯಾರಿಗೆ

ಶಿಕ್ ರೇಜರುಗಳನ್ನು ಸಂಗ್ರಾಹಕರು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ: ಎ, ಬಿ, ಸಿ, ಹೀಗೆ. ಹಳೆಯ ಎ, ಬಿ ಮಾದರಿಗಳು ನೋಡಲು ಚೆಂದ, ನಿತ್ಯದ ಬಳಕೆಗೆ ತೊಡಕು. ಕೊಳ್ಳುವವರು ನೋಡಬೇಕಾದ್ದು ಇ, ಜಿ, ಐ, ಎಲ್, ಎಂ.

ಟೈಪ್ ಇ 1930ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ತಯಾರಾಯಿತು. ಹೆಚ್ಚಿನವುಗಳಿಗೆ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಹಿಡಿ. ಹಗುರ, ಕೈಯಲ್ಲಿ ಇದೆಯೋ ಇಲ್ಲವೋ ಅನ್ನಿಸುವಷ್ಟು. ಗಡ್ಡವನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಇದರಲ್ಲೇ ಹಲವು ಉಪಮಾದರಿಗಳಿದ್ದು ಒಂದರಂತೆ ಇನ್ನೊಂದಿಲ್ಲ. ಟೈಪ್ ಜಿ ಎರಡನೇ ಮಹಾಯುದ್ಧ ಮುಗಿದ ಮೇಲಿನದು. ಇಂಜೆಕ್ಟರಿಗೆ ಹೊಸಬರಾದರೆ ನಾವು ಹೇಳುವುದು ಇದನ್ನೇ: ದಿನನಿತ್ಯದ ಗಡ್ಡಕ್ಕೆ ಬೇಕಾದಷ್ಟು ಚುರುಕು, ಕೈ ತಪ್ಪಿದರೂ ಕ್ಷಮಿಸುವಷ್ಟು ಮೃದು. ಟೈಪ್ ಐ, ಅಂದರೆ ಹೈಡ್ರೋಮ್ಯಾಜಿಕ್, 1950ರ ದಶಕದ್ದು. ಸಣ್ಣ ಸನ್ನೆಗೋಲು ಒತ್ತಿದರೆ ತಲೆ ಬಾಯಿ ತೆರೆಯುತ್ತದೆ, ನಲ್ಲಿ ಕೆಳಗೆ ಹಿಡಿದರೆ ನೊರೆ, ಕೂದಲು ಎಲ್ಲ ತೊಳೆದು ಹೋಗುತ್ತದೆ. ಗಡುಸು ಗಡ್ಡದವರಿಗೆ, ವಾರಕ್ಕೆ ಎರಡು ಸಲ ಮಾತ್ರ ಕ್ಷೌರ ಮಾಡುವವರಿಗೆ ಇದು ಸರಿ. ಇದರ ಚುರುಕು ಜಾಸ್ತಿ, ಕಲಿಯುವವರು ಇದರಿಂದ ಶುರು ಮಾಡಬಾರದು. ಟೈಪ್ ಎಲ್ 1960ರ ದಶಕದಲ್ಲಿ ಬಂದದ್ದು, ಪ್ಲಾಸ್ಟಿಕ್ ಹಿಡಿ. ಹಳೆಯವುಗಳಲ್ಲಿ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುವುದು ಇದೇ. ತೆಳು ಗಡ್ಡಕ್ಕೆ, ಸೂಕ್ಷ್ಮ ಚರ್ಮಕ್ಕೆ ಹೊಂದುತ್ತದೆ. ಟೈಪ್ ಎಂ 1970ರ ದಶಕದ್ದು, 1ರಿಂದ 8ರವರೆಗೆ ತಿರುವಿ ಹೊಂದಿಸಬಹುದು. 3ರಲ್ಲಿ ಶುರು ಮಾಡಿ, ಒಂದು ಕ್ಷೌರಕ್ಕೆ ಒಂದೇ ಹೆಜ್ಜೆ ಏರಿಸಿ. ಕೊಳ್ಳುವ ಮುನ್ನ ಗುಂಡಿ ಎರಡೂ ಕೊನೆಗೆ ತಿರುಗುತ್ತದೆಯೇ, ತಿರುಗಿದಾಗ ಸಂದು ನಿಜವಾಗಿ ಬದಲಾಗುತ್ತದೆಯೇ ಎಂದು ಮಾರುವವರಿಂದ ಫೋಟೋ ಕೇಳಿ. ಸೋಪು ಗಟ್ಟಿಯಾಗಿ ಕೂತು ಗುಂಡಿ ಹೆಸರಿಗಷ್ಟೇ ತಿರುಗುವ ರೇಜರುಗಳಿರುತ್ತವೆ.

ಅಮೇರಿಕನ್ ಸೇಫ್ಟಿ ರೇಜರ್ ಕಂಪನಿಯ ಪಾಲ್ ರೇಜರುಗಳೂ ಇದೇ ಬ್ಲೇಡು ತೆಗೆದುಕೊಳ್ಳುತ್ತವೆ. ಶಿಕ್‌ಗಿಂತ ಅಗ್ಗ.

ಹೊಸದಾಗಿ ತಯಾರಾಗುವವುಗಳಲ್ಲಿ ಟೆಕ್ಸಾಸಿನ ಸಪ್ಲೈ ಕಂಪನಿಯದು ಹೆಸರಾದದ್ದು. 2015ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ಶುರುವಾದ ಕಂಪನಿ ಅದು. ಪೂರ್ತಿ ಲೋಹ, ಹಳೇ ಶಿಕ್‌ಗೆ ಹೋಲಿಸಿದರೆ ಕೈಗೆ ಗಟ್ಟಿ ಭಾರ. ಈ ಭಾರವೇ ಅದರ ಗುಣ, ಅದೇ ಅದರ ತೊಂದರೆ. ಕೈಯಿಂದ ಒತ್ತಡವೇ ಕೊಡದೆ ರೇಜರಿನ ತೂಕಕ್ಕೆ ಬಿಟ್ಟರೆ ಸೊಗಸಾಗಿ ಕೆಲಸ ಮಾಡುತ್ತದೆ. ಕಾರ್ಟ್ರಿಜ್ ರೇಜರ್ ಒತ್ತಿ ಒತ್ತಿ ಅಭ್ಯಾಸವಾದವರಿಗೆ ಮೊದಲ ವಾರ ಕತ್ತು ಉರಿಯುತ್ತದೆ. ಪಾರ್ಕರ್ ಕಂಪನಿಯದೂ ತಿರುವಿ ಹೊಂದಿಸುವ ಇಂಜೆಕ್ಟರ್ ಇದೆ. ಹೊಸ ರೇಜರಿನ ದೊಡ್ಡ ಅನುಕೂಲ ಎಂದರೆ ಸ್ಪ್ರಿಂಗ್ ಹೊಸದು, ಕೆಟ್ಟರೆ ಕೇಳಲು ಒಂದು ಜಾಗ ಇದೆ.

ಹಳೇದನ್ನು ಕೊಳ್ಳುವಾಗ ಫೋಟೋದಲ್ಲಿ ನೋಡಬೇಕಾದ್ದು: ಎದುರಿಂದ ತೆಗೆದ ಚಿತ್ರದಲ್ಲಿ ಗಾರ್ಡು ಬ್ಲೇಡಿಗೆ ಸಮಾನಾಂತರವಾಗಿದೆಯೇ, ಎರಡೂ ತಡೆಗಳು ಇವೆಯೇ, ಹಿಡಿ ತಲೆಗೆ ಸೇರುವ ಕುತ್ತಿಗೆಯಲ್ಲಿ ಬಿರುಕಿದೆಯೇ. ಬಿರುಕು ಕೂದಲೆಳೆಯಷ್ಟೇ ಇದ್ದರೂ ಬಿಡಿ, ಬಿಸಿನೀರು ತಾಗುತ್ತಿದ್ದಂತೆ ಅದು ಬೆಳೆಯುತ್ತದೆ. ಚಿನ್ನದ ಲೇಪ ಅಲ್ಲಲ್ಲಿ ಹೋಗಿದ್ದರೆ ಯೋಚನೆ ಬೇಡ, ಕ್ಷೌರಕ್ಕೂ ಅದಕ್ಕೂ ಸಂಬಂಧವಿಲ್ಲ, ಬೆಲೆ ಇಳಿಸಲು ಒಳ್ಳೇ ಕಾರಣ.

ಬ್ಲೇಡು ತುಂಬುವುದು

ರೇಜರನ್ನು ಎಡಗೈಯಲ್ಲಿ ತಲೆಯ ಹತ್ತಿರ ಹಿಡಿಯಿರಿ. ಹಳೇ ಬ್ಲೇಡು ಹೊರಬರುವ ಬದಿ ಒಂದು ಡಬ್ಬಿಯ ಬಾಯಿಯ ಮೇಲಿರಲಿ, ನಿಮ್ಮ ಅಂಗೈಯ ಕಡೆಗಲ್ಲ. ಕೀಯನ್ನು ಕಂಡಿಗೆ ಪೂರ್ತಿ ತೂರಿಸಿ. ಅದು ಸ್ಪ್ರಿಂಗನ್ನು ಬ್ಲೇಡಿನಿಂದ ದೂರ ಸರಿಸುತ್ತದೆ, ಬೆರಳಿಗೆ ಸಣ್ಣ ಪ್ರತಿರೋಧ ತಿಳಿಯುತ್ತದೆ. ಜಾರುಪಟ್ಟಿಯನ್ನು ಒಂದೇ ತಳ್ಳಿನಲ್ಲಿ ಕೊನೆಯವರೆಗೂ ತಳ್ಳಿ. ಆಮೇಲೆ ಪಟ್ಟಿಯನ್ನು ಪೂರ್ತಿ ಹಿಂದಕ್ಕೆ ಎಳೆದು, ಅದಾದ ನಂತರವೇ ಕೀ ಹೊರತೆಗೆಯಿರಿ. ಈ ಕೊನೆಯ ಕ್ರಮ ತಪ್ಪಿದರೆ ತಳ್ಳುವ ನಾಲಗೆ ತಲೆಯೊಳಗೆ ಸಿಕ್ಕಿ, ಈಗಷ್ಟೇ ಕೂತ ಬ್ಲೇಡನ್ನು ಅರ್ಧ ಹೊರಗೆ ಎಳೆದುಕೊಂಡು ಬರುತ್ತದೆ.

ಈಗ ತಲೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಬ್ಲೇಡಿನ ಎರಡೂ ತುದಿ ತಲೆಯೊಳಗೇ ಇರಬೇಕು, ಅಂಚು ಗಾರ್ಡಿಗೆ ಸಮವಾಗಿರಬೇಕು. ಒಂದು ಮೂಲೆ ತಡೆಯ ಮೇಲೆ ಹತ್ತಿ ಕೂತಿದ್ದರೆ ಅಲ್ಲಿ ಬೆಳಕಿನ ತ್ರಿಕೋನ ಕಾಣುತ್ತದೆ. ಹಾಗೇ ಮುಖಕ್ಕೆ ತಂದರೆ ಕಿವಿಯ ಹತ್ತಿರ ಉದ್ದಕ್ಕೆ ಗೀರುತ್ತದೆ. ಬ್ಲೇಡಿನ ಬೆನ್ನನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ಕೂರಿಸಿ, ಆಗದಿದ್ದರೆ ಇನ್ನೊಂದು ಬ್ಲೇಡು ತಳ್ಳಿ ಇದನ್ನು ಹೊರಹಾಕಿ. ಒಂದು ಬ್ಲೇಡು ನಷ್ಟವಾದರೆ ಆಗಲಿ.

ಪಟ್ಟಿ ತಳ್ಳಲಾರದಷ್ಟು ಬಿಗಿ ಎನ್ನಿಸಿದರೆ ಬಲ ಹಾಕಬೇಡಿ. ಕೀ ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಸ್ಪ್ರಿಂಗಿನ ಕೆಳಗೆ ಸೋಪಿನ ಗಸಿ ಕೂತಿದೆ. ಉಲ್ಟಾ, ಕೀ ಇಲ್ಲದೆಯೇ ಬೆರಳಿನ ಉಗುರಿಂದ ಮೆಲ್ಲಗೆ ತಳ್ಳಿದರೂ ಬ್ಲೇಡು ಪಕ್ಕಕ್ಕೆ ಜಾರಿದರೆ ಸ್ಪ್ರಿಂಗ್ ಸೋತಿದೆ. ಅಂಥ ರೇಜರ್ ಯಾವ ಹೋಲಿಕೆಗೂ ಯೋಗ್ಯವಲ್ಲ, ಮುಖಕ್ಕಂತೂ ಬೇಡವೇ ಬೇಡ.

ಎಳೆಯುವ ಕೋನ

ಎರಡಂಚಿನ ರೇಜರಿನಿಂದ ಬಂದವರು ಇಲ್ಲಿ ಎಡವುತ್ತಾರೆ. ಮೊದಲು ಮೇಲಿನ ತಟ್ಟೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಆನಿಸಿ, ಹಿಡಿ ಮುಖದಿಂದ ಆಚೆ ಇರಲಿ. ಈ ಸ್ಥಿತಿಯಲ್ಲಿ ಎಳೆದರೆ ಏನೂ ಕತ್ತರಿಸುವುದಿಲ್ಲ. ಈಗ ಎಳೆಯುತ್ತಾ ಹಿಡಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಖದ ಕಡೆ ತನ್ನಿ. ಒಂದು ಹಂತದಲ್ಲಿ 'ಚರ್' ಎಂಬ ಸಣ್ಣ ಸದ್ದು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಆ ಸದ್ದು ಕೇಳಿಸುವಷ್ಟು ಕಡಿಮೆ ಕೋನವೇ ಸರಿಯಾದ ಕೋನ, ಫ್ಯಾನ್ ಆರಿಸಿ ಕೇಳಿ. ಪ್ರತಿ ರೇಜರಿಗೂ ಇದು ಬೇರೆ, ಎರಡು ರೇಜರನ್ನು ಒಂದೇ ಕೋನದಲ್ಲಿ ಹಿಡಿದು ಹೋಲಿಸಿದರೆ ಒಂದಕ್ಕೆ ಅನ್ಯಾಯವಾಗುತ್ತದೆ.

ಎಳೆತ 2ರಿಂದ 3 ಸೆಂ.ಮೀ. ಇರಲಿ. ಮೊದಲ ಸುತ್ತು ಕೂದಲು ಬೆಳೆಯುವ ದಿಕ್ಕಿಗೆ, ಎರಡನೆಯದು ಅಡ್ಡಕ್ಕೆ. ಎದುರು ದಿಕ್ಕಿನ ಮೂರನೇ ಸುತ್ತನ್ನು ಮೊದಲ ಎರಡು ವಾರ ಮಾಡಲೇಬೇಡಿ. ಕತ್ತಿನಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಒಂದು ದಿನದ ಗಡ್ಡವಿದ್ದಾಗ ಬೆರಳಾಡಿಸಿ ಎಲ್ಲಿ ನುಣುಪು ಎಲ್ಲಿ ಒರಟು ನೋಡಿಕೊಳ್ಳಿ. ಒಂದೇ ಬದಿ ಇರುವುದರಿಂದ ರೇಜರ್ ಬೇಗ ತುಂಬುತ್ತದೆ, ಎರಡು ಎಳೆತಕ್ಕೊಮ್ಮೆ ನೀರಿನಲ್ಲಿ ಅಲ್ಲಾಡಿಸಿ. ನೊರೆ ತುಂಬಿದೆ ಎಂದು ಬೇಸಿನ್ನಿನ ಅಂಚಿಗೆ ಕುಟ್ಟಬೇಡಿ, ಹಳೇ ಹಿಡಿಗಳು ಒಡೆಯುವುದು ಇದರಿಂದಲೇ.

ನೊರೆಯ ಬಗ್ಗೆ ಒಂದು ಮಾತು. ಬೆಂಗಳೂರಿನ ಹೊರವಲಯ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸೋಪು ನೊರೆ ಬರುವ ಬದಲು ಮೊಸರೊಡೆದ ಹಾಗೆ ಆಗುತ್ತದೆ, ಬ್ಲೇಡು ಜಾರದೆ ತಡೆಯುತ್ತದೆ. ಅರ್ಧ ಲೋಟ ಫಿಲ್ಟರ್ ನೀರು ಬಿಸಿ ಮಾಡಿಕೊಂಡರೆ ಸಾಕು. ಕ್ರೀಮಾದರೆ ಬಾದಾಮಿಯಷ್ಟು, ಗಟ್ಟಿ ಸೋಪಾದರೆ ಒದ್ದೆ ಬ್ರಷ್ಷನ್ನು ಅರ್ಧ ನಿಮಿಷ ಉಜ್ಜಿ. ಆಮೇಲೆ ನೀರನ್ನು ಅರ್ಧ ಚಮಚದಂತೆ ಮೂರ್ನಾಲ್ಕು ಸಲ ಸೇರಿಸುತ್ತಾ ಹೋಗಿ. ನೊರೆ ಬ್ರಷ್ಷಿನಿಂದ ತೊಟ್ಟಿಕ್ಕಬಾರದು, ಗುಳ್ಳೆಗಳು ಕಣ್ಣಿಗೆ ಕಾಣಬಾರದು.

ಎರಡು ರೇಜರ್, ಒಂದು ಮುಖ

ಇವತ್ತು ಒಂದು, ಮುಂದಿನ ವಾರ ಇನ್ನೊಂದು ಎಂದು ನೋಡಿದರೆ ನೆನಪಿನ ಮೇಲೆ ತೀರ್ಪು ಕೊಟ್ಟಂತೆ. ಮುಖವನ್ನು ಅರ್ಧ ಅರ್ಧ ಮಾಡಿ. ಎರಡೂ ರೇಜರಿಗೆ ಒಂದೇ ಡಬ್ಬಿಯ ಹೊಸ ಬ್ಲೇಡು ಹಾಕಿ. ಮೊದಲ ದಿನ ಬಲಗೆನ್ನೆಗೆ ಒಂದು, ಎಡಗೆನ್ನೆಗೆ ಇನ್ನೊಂದು, ಮರುದಿನ ಅದಲುಬದಲು. ಬಲಗೈಯವರ ಕೈ ಎರಡು ಕೆನ್ನೆಗಳ ಮೇಲೆ ಒಂದೇ ಥರ ಆಡುವುದಿಲ್ಲ, ಅದಲುಬದಲು ಮಾಡದಿದ್ದರೆ ಕೈಯ ದೋಷ ರೇಜರಿನ ಲೆಕ್ಕಕ್ಕೆ ಬೀಳುತ್ತದೆ. ಮೊದಲ ಕ್ಷೌರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಅಂಚಿನ ಚುರುಕು ಅಷ್ಟೇ ಗೊತ್ತಾಗುತ್ತದೆ. ಎರಡರಿಂದ ಐದನೆಯದರವರೆಗೆ ಬರೆದಿಡಿ: ದವಡೆಯ ಮೂಲೆ ನುಣುಪಾಗಲು ಎಷ್ಟು ಎಳೆತ ಬೇಕಾಯಿತು, ಎಂಟು ಗಂಟೆಯ ನಂತರ ಕೈಗೆ ಹೇಗೆ ತಾಗುತ್ತದೆ, ಪಟಿಕ ಹಚ್ಚಿದಾಗ ಎಲ್ಲಿ ಉರಿಯಿತು.

ಈ ಪಟಿಕದ ಕಲ್ಲು ಸಲೂನಿನಲ್ಲಿ ಕೊನೆಗೆ ಉಜ್ಜುವುದೇ. ಇಪ್ಪತ್ತು ಮೂವತ್ತು ರೂಪಾಯಿಯ ತುಂಡು ಇಲ್ಲಿ ದೊಡ್ಡ ಸಾಕ್ಷಿ. ತಣ್ಣೀರಲ್ಲಿ ಮುಖ ತೊಳೆದು, ಕಲ್ಲನ್ನು ಒದ್ದೆ ಮಾಡಿ ಮುಖದ ಮೇಲೆ ಒಂದೇ ಸಲ ಮೆಲ್ಲಗೆ ಆಡಿಸಿ, ಒಂದು ನಿಮಿಷ ಬಿಟ್ಟು ತೊಳೆಯಿರಿ. ಚರ್ಮದ ಮೇಲ್ಪದರ ಕಿತ್ತುಬಂದ ಕಡೆಯಲ್ಲೆಲ್ಲ ಚುರುಗುಟ್ಟುತ್ತದೆ. ಉರಿ ಕತ್ತಿನಲ್ಲಿ ಮಾತ್ರ ಇದ್ದರೆ ದಿಕ್ಕು ತಪ್ಪಿದೆ. ಎರಡೂ ಬದಿ ಸಮವಾಗಿ ಉರಿದರೆ ಕೈ ಭಾರ ಹೆಚ್ಚಾಗಿದೆ. ಒಂದು ರೇಜರ್ ಹೋದ ಬದಿಯೇ ಎರಡು ದಿನವೂ ಉರಿದರೆ ಅದರ ಚಾಚು ನಿಮ್ಮ ಚರ್ಮಕ್ಕೆ ಹೆಚ್ಚು.

ಐದನೇ ಕ್ಷೌರದ ನಂತರ ಬ್ಲೇಡುಗಳನ್ನು ಅದಲುಬದಲು ಮಾಡಿ. ತಲೆಯ ಪಕ್ಕದಿಂದ ಹಲ್ಲುಕಡ್ಡಿಯಲ್ಲಿ ತಳ್ಳಿ, ಹೊರಬಂದ ಬ್ಲೇಡನ್ನು ಎರಡು ಕಿರು ತುದಿಗಳಲ್ಲಿ ಹಿಡಿದು ಇನ್ನೊಂದಕ್ಕೆ ಸೇರಿಸಬೇಕು. ಇಡೀ ಪ್ರಕ್ರಿಯೆಯಲ್ಲಿ ಬೆರಳು ಕೊಯ್ದುಕೊಳ್ಳುವ ಸಾಧ್ಯತೆ ಇರುವುದು ಇಲ್ಲಿ, ಅವಸರ ಬೇಡ. ಒರಟುತನ ಬ್ಲೇಡಿನ ಜೊತೆ ಆಚೆ ಹೋದರೆ ಅದು ಬ್ಲೇಡಿನ ದೋಷ, ರೇಜರಿನ ಜೊತೆಯೇ ಉಳಿದರೆ ರೇಜರಿನದು. ಈ ಒಂದು ಪರೀಕ್ಷೆ ಮಾಡಿದ ಮೇಲೆ 'ಈ ರೇಜರ್ ಕೀಳುತ್ತದೆ' ಎಂಬ ಮಾತಿಗೆ ಆಧಾರ ಸಿಗುತ್ತದೆ.

ತೊಳೆಯುವುದು, ಇಡುವುದು, ಬಿಸಾಡುವುದು

ಹಳೇ ರೇಜರ್ ಕೈಗೆ ಬಂದ ದಿನ ಬ್ಲೇಡು ತೆಗೆದು, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ತಲೆಯ ಭಾಗವನ್ನು ಮಾತ್ರ ಹದಿನೈದು ನಿಮಿಷ ಮುಳುಗಿಸಿಡಿ. ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಪ್ರಿಂಗಿನ ಸುತ್ತ ತಿಕ್ಕಿ. ಹುಣಸೆಹಣ್ಣು, ನಿಂಬೆ, ಪೀತಾಂಬರಿ ಪುಡಿ ಇವುಗಳಿಂದ ಹಿತ್ತಾಳೆ ಚೊಂಬಿನ ಹಾಗೆ ತಿಕ್ಕಿದರೆ ಹೊಳಪು ಬರುವುದು ನಿಜ, ಜೊತೆಗೆ ತೆಳುವಾದ ಚಿನ್ನದ ಲೇಪವೂ ಹೋಗುತ್ತದೆ. ಕುದಿನೀರು ಬೇಡ, ಪ್ಲಾಸ್ಟಿಕ್ ಮತ್ತು ಬೇಕಲೈಟ್ ಹಿಡಿಗೆ ಸ್ಪಿರಿಟ್ ಬೇಡ. ಸ್ಟೇನ್‌ಲೆಸ್ ಸ್ಟೀಲಿನ ಹೊಸ ರೇಜರಿಗೆ ಗಡಸು ನೀರಿನ ಬಿಳಿ ಕಲೆ ಕೂತಿದ್ದರೆ ವಿನಿಗರಿಗೆ ಸಮ ನೀರು ಸೇರಿಸಿ ಹತ್ತು ನಿಮಿಷ ನೆನೆಸಿ ತೊಳೆಯಬಹುದು.

ದಿನದ ಕೆಲಸ ಮುಗಿದ ಮೇಲೆ ತಲೆಯನ್ನು ನೀರಲ್ಲಿ ಅಲ್ಲಾಡಿಸಿ, ಜೋರಾಗಿ ಕೊಡವಿ, ತಲೆ ಕೆಳಗಾಗಿ ಒಣಗಲು ಬಿಡಿ. ಬಟ್ಟೆಯಿಂದ ಬ್ಲೇಡು ಒರೆಸಬಾರದು. ಮಳೆಗಾಲದ ಮಂಗಳೂರು, ಕಾರವಾರದಂಥ ಕಡೆ ಬ್ಲೇಡಿನ ಡಬ್ಬಿಯನ್ನು ಬಚ್ಚಲಲ್ಲಿ ಇಟ್ಟರೆ ಒಳಗಿನ ಬ್ಲೇಡುಗಳು ಬಳಸುವ ಮುನ್ನವೇ ಹಾಳು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ, ಮಲಗುವ ಕೋಣೆಯ ಕಪಾಟಿನಲ್ಲಿಡಿ.

ಕೆಲವು ಇಂಜೆಕ್ಟರ್ ಡಬ್ಬಿಗಳಲ್ಲಿ ಹಳೇ ಬ್ಲೇಡು ಹಾಕಲು ಪ್ರತ್ಯೇಕ ಕಂಡಿ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಖಾಲಿ ಹಾಲಿನಪುಡಿ ಡಬ್ಬಿಯ ಮುಚ್ಚಳಕ್ಕೆ ಒಂದು ಸೀಳು ಕೊಯ್ದು, ಮುಚ್ಚಳವನ್ನು ಸುತ್ತ ಟೇಪಿನಿಂದ ಬಿಗಿದು, ತಳ್ಳಿದ ಬ್ಲೇಡು ನೇರ ಅದರೊಳಗೇ ಬೀಳುವಂತೆ ಮಾಡಿಕೊಳ್ಳಿ. ವರ್ಷಕ್ಕೆ ಐವತ್ತು ಬ್ಲೇಡಿನ ಲೆಕ್ಕದಲ್ಲಿ ಅದು ಎಷ್ಟೋ ವರ್ಷ ತುಂಬುವುದಿಲ್ಲ. ತುಂಬಿದ ದಿನ ಸೀಳಿಗೂ ಟೇಪು ಅಂಟಿಸಿ, ಮೇಲೆ 'ಬ್ಲೇಡು' ಎಂದು ದಪ್ಪಕ್ಷರದಲ್ಲಿ ಬರೆದು, ಉಳಿದ ಕಸದೊಳಗೆ ಬೆರೆಸದೆ ಪೌರಕಾರ್ಮಿಕರ ಕೈಗೆ ಹೇಳಿ ಕೊಡಿ. ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದ ಬ್ಲೇಡು ಕಸ ವಿಂಗಡಿಸುವವರ ಬೆರಳನ್ನು ಕೊಯ್ಯುತ್ತದೆ.